ಚಿವುಟದ ಕನಕಾಂಬರ

ಆಗಸ್ಟ್ 19, 2024, ಸೋಮವಾರ

ಇಪ್ಪತ್ತೈದು ಸಸಿ ಇವತ್ತು ಹೊಸೂರಿನ ಕಡೆ ಹೋದವು. ಕುಂಡದ ಗಿಡಗಳ ಕಂಪನಿಯಿಂದ ಸುಮಿತಾ ಎಂಬ ಹುಡುಗಿ ವ್ಯಾನು ತಂದಿದ್ದಳು. ಹುಡುಗಿ ಅನ್ನುತ್ತಿದ್ದೇನೆ, ಮೂವತ್ತೈದಾದರೂ ಇರಬೇಕು. ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದ ಮೇಲೆ ನಲವತ್ತರ ಕೆಳಗಿನವರೆಲ್ಲ ನನಗೆ ಹತ್ತನೇ ಕ್ಲಾಸಿನವರ ಹಾಗೇ ಕಾಣುತ್ತಾರೆ.

ಷರತ್ತನ್ನು ಮತ್ತೊಮ್ಮೆ ಹೇಳಿದಳು. ಅವರ ಬಳಿ ಇಪ್ಪತ್ತೈದು, ನನ್ನ ಬಳಿ ಇಪ್ಪತ್ತೈದು. ಎಲ್ಲವೂ ಮೂವತ್ತೊಂದನೇ ನಂಬರಿನ ನನ್ನ ಗಿಡದಿಂದಲೇ ಕಡ್ಡಿ ಮುರಿದು ಬೇರು ಬಿಡಿಸಿದವು. ಕುಡಿ ಚಿವುಟಬಾರದು, ಗಿಡ ಕುಗ್ಗಿಸುವ ಔಷಧಿ ಹೊಡೆಯಬಾರದು. ತೊಂಬತ್ತನೇ ದಿನಕ್ಕೆ ಹೂ ಬಿಟ್ಟಿರಬೇಕು, ಒಂದು ಗೇಣಿಗಿಂತ ಎತ್ತರ ಹೋಗಿರಬಾರದು. ಎರಡೂ ಕಡೆ ಹಾಗೇ ಇದ್ದರೆ ಕಂಪನಿ ನನ್ನ ಕನಕಾಂಬರವನ್ನು ತೆಗೆದುಕೊಳ್ಳುತ್ತದೆ. ಕುಂಡದ ಚೀಟಿಯ ಮೇಲೆ ತಳಿ ಬೆಳೆಸಿದವರು ರಾಧಾಮಣಿ ಎಂದು ಹಾಕುತ್ತದೆ.

ಏಳು ವರ್ಷ. ಹೊಲದ ಕನಕಾಂಬರ ತೊಡೆಯುದ್ದ ಬೆಳೆಯುತ್ತದೆ. ಮಾರಿಕುಪ್ಪಂನ ನನ್ನ ಬಾಡಿಗೆ ಮನೆಗೆ ಅಂಗಳವಿಲ್ಲ, ಒಂದು ಕಿಟಕಿ ಇದೆ. ನಮ್ಮ ಬೀದಿಯಲ್ಲಿ ಎಲ್ಲರದೂ ಅಷ್ಟೇ. ಕಿಟಕಿಯಲ್ಲಿಟ್ಟುಕೊಂಡು ದಿನಾ ನಾಲ್ಕು ಹೂ ಕಿತ್ತು ಮುಡಿದುಕೊಳ್ಳುವಂಥ ಗಿಡ ಯಾಕಿರಬಾರದು ಎಂದು ಶುರು ಮಾಡಿದ್ದು. ಶುರು ಮಾಡುವಾಗ ಮೊಣಕಾಲು ಗಟ್ಟಿಯಿತ್ತು.

ತಮ್ಮ ಕಾಂತರಾಜನ ಗಡುವು ಬೇರೆ. ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ ಅವನದು ಟೊಮೇಟೊ, ದಪ್ಪ ಮೆಣಸಿನಕಾಯಿ ಸಸಿಗಳ ನರ್ಸರಿ. ನೆರಳಿಗೆಂದು ಅಲ್ಲಿ ಕಟ್ಟಿದ ಶೇಡ್ ನೆಟ್ಟಿನ ಕೆಳಗೆ ಒಂದು ಮೂಲೆ ನನಗೆ ಬಿಟ್ಟಿದ್ದಾನೆ. "ಯುಗಾದಿವರ್ಗೂ ನೋಡ್ತೀನಿ ಅಕ್ಕ. ಆಮೇಕೆ ಅಲ್ಲಿ ಟೊಮೇಟೊ ಟ್ರೇ ಇಡ್ತೀನಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋದು ನಿಮ್ಮಂಥೋರನ್ನ ನೋಡೇ ಹುಟ್ಟಿರೋ ಗಾದೆ" ಎಂದ. ಮಲ್ಲಿಗೆಯಲ್ಲ, ಕನಕಾಂಬರ ಎಂದು ತಿದ್ದಿದೆ.

ಮೂಲೆಗೆ ಒಂದು ಬೋರ್ಡು ಬರೆದು ನೇತುಹಾಕಿದ್ದೇನೆ, ಕೆಂಪು ಬಣ್ಣದಲ್ಲಿ: ಕುಡಿ ಚಿವುಟಬಾರದು. ಔಷಧಿ ಹೊಡೆಯಬಾರದು. ಮೂರು ವರ್ಷದಿಂದ ಅಲ್ಲೇ ಇದ್ದದ್ದು ಮಾಸಿತ್ತು, ಮತ್ತೆ ಬಣ್ಣ ಹೊಡೆದೆ. ನೀರು ಹಾಕುವ ಕೂಲಿಯವಳು ಮುತ್ಯಾಲಮ್ಮ ಬಂದು ನೋಡಿ, "ಚೆಂದಾಗೈತೆ ಟೀಚರಮ್ಮ" ಎಂದಳು.

ಸೆಪ್ಟೆಂಬರ್ 5

ಶಿಕ್ಷಕರ ದಿನ. ಹಳೆ ಮಕ್ಕಳು ಫೋನಿಗೆ ಏನೇನೋ ಕಳಿಸಿದ್ದಾರೆ. ಈಗಿನ ಫೋನಿನಲ್ಲಿ ಅಕ್ಷರ ಯಾಕಿಷ್ಟು ಸಣ್ಣದು ಮಾಡುತ್ತಾರೋ. ಎಲ್ಲರಿಗೂ ಕೈ ಮುಗಿಯುವ ಚಿತ್ರ ಕಳಿಸಿ ಮಲಗಿದೆ.

ಸೆಪ್ಟೆಂಬರ್ 24, ಮಂಗಳವಾರ

ಬೆಳಗಿನ ರೈಲು ನಲವತ್ತು ನಿಮಿಷ ತಡ. ಬಂಗಾರಪೇಟೆಯಲ್ಲಿ ಬಸ್ಸು ತಪ್ಪಿತು. ನರ್ಸರಿಗೆ ಹೋಗುವ ಹೊತ್ತಿಗೆ ಹತ್ತೂವರೆ. ಪರಾಗ ಹಚ್ಚುವ ಹೊತ್ತು ಮೀರಿತ್ತು. ಆದರೂ ಕೂತೆ.

ಪರೀಕ್ಷೆಯ ಗಿಡಗಳ ಜೊತೆಗೆ ಮುಂದಿನ ತಲೆಮಾರಿನ ಕೆಲಸವೂ ನಡೆಯುತ್ತಿರಬೇಕಲ್ಲ. ಹಿಂದಿನ ಸಂಜೆಯೇ ಮೊಗ್ಗಿನ ಕೊಳವೆಯನ್ನು ಸೂಜಿಯಿಂದ ಸೀಳಿ ಒಳಗಿನ ನಾಲ್ಕು ಕೇಸರ ತೆಗೆದಿಟ್ಟಿರಬೇಕು, ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಹಚ್ಚಬೇಕು. ನಿನ್ನೆ ಹತ್ತು ಮೊಗ್ಗು ಸೀಳಿದ್ದೆ, ಎಂಟರಲ್ಲಿ ಸೂಜಿ ಪರಾಗ ಹಚ್ಚಬೇಕಾದ ಒಳಗಿನ ಎಳೆಯನ್ನೇ ಕತ್ತರಿಸಿಬಿಟ್ಟಿದೆ. ಸೂಜಿ ಮೊಂಡಾಗಿದೆ. ಕಾಂತರಾಜ ನೆಟ್ಟಿನ ಮೇಲೆ ಇನ್ನೊಂದು ಪದರ ಹಾಕಿಸಿದ್ದಾನೋ ಏನೋ, ಒಳಗೆ ಮಧ್ಯಾಹ್ನವೂ ಮಸುಕು. ಕೇಳಿದರೆ ಇಲ್ಲ ಎನ್ನುತ್ತಾನೆ.

ಮುತ್ಯಾಲಮ್ಮ ಪಕ್ಕದಲ್ಲೇ ಕುಂಡಕ್ಕೆ ತೆಂಗಿನ ನಾರಿನ ಪುಡಿ ತುಂಬುತ್ತಿದ್ದಳು. ಸುಮಾರು ಹೊತ್ತು ನನ್ನ ಕೈಯನ್ನೇ ನೋಡಿ, "ನಾನೊಂದು ಕಿತ ನೋಡ್ಲಾ ಟೀಚರಮ್ಮ?" ಎಂದಳು.

"ಇದು ಕಳೆ ಕೀಳುವ ಕೆಲಸ ಅಲ್ಲ ಮುತ್ಯಾಲಮ್ಮ" ಎಂದೆ.

ಅವಳು ಮತ್ತೆ ನಾರಿನ ಪುಡಿಗೆ ಕೈ ಹಾಕಿದಳು. ನನಗೆ ಸಾಕಾಗಿದೆ, ಯಾರ ಹತ್ತಿರವೂ ನಯವಾಗಿ ಮಾತಾಡುವ ಶಕ್ತಿ ಉಳಿದಿಲ್ಲ.

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ

ಕಾಂತರಾಜ ಟ್ರಾಕ್ಟರಿಗೆ, ಔಷಧಿ ಹೊಡೆಯುವ ಪಂಪಿಗೆ, ಟ್ರೇಗಳ ಗುಡ್ಡಕ್ಕೆ ಎಲ್ಲ ಪೂಜೆ ಮಾಡಿಸಿದ. ಮುತ್ಯಾಲಮ್ಮ ಕುಂಕುಮದ ಬಟ್ಟಲು ಹಿಡಿದು ನನ್ನ ಮೂಲೆಗೂ ಬಂದಳು. ಸೂಜಿ ಡಬ್ಬಿಗೆ ಇಟ್ಟಳು, ಸ್ಕೇಲಿಗೆ ಇಟ್ಟಳು, ಭೂತಗನ್ನಡಿಯ ಗಾಜಿನ ನಡುವೆಯೇ ಒಂದು ಬೊಟ್ಟಿಟ್ಟಳು. ಒರೆಸಲು ಅರ್ಧ ಗಂಟೆ ಹಿಡಿಯಿತು.

ಆಮೇಲೆ ನಾಲ್ಕು ಹೂ ಕೇಳಿದಳು, ಮುಡಿಯುವುದಕ್ಕೆ. ಮೂವತ್ತೊಂದರ ಬಣ್ಣವನ್ನು ನೋಡಿದವರು ಕೇಳದೆ ಇರಲಾರರು. ಕೆಂಡದ ಮೇಲೆ ಗಾಳಿ ಊದಿದಾಗ ಬರುವ ಬಣ್ಣ ಅದು. ಆದರೆ ಪರೀಕ್ಷೆಯ ಗಿಡ, ಒಂದೊಂದು ತೆನೆಯ ಹೂವನ್ನೂ ಎಣಿಸಿ ಬರೆದಿದ್ದೇನೆ. ಕೊಡಲಿಲ್ಲ. "ಪರ್ವಾಗಿಲ್ಲ ಬುಡಿ" ಎಂದು ಚೆಂಡುಹೂವಿನ ಎಸಳು ಸಿಕ್ಕಿಸಿಕೊಂಡು ಹೋದಳು. ಹಬ್ಬದ ದಿನ ಕೊಡಬಹುದಿತ್ತೇನೋ.

ನವೆಂಬರ್ 4, ಸೋಮವಾರ

ಅಳತೆ ಹಾಕಿದೆ. ಇಪ್ಪತ್ತೈದರಲ್ಲಿ ಇಪ್ಪತ್ತೈದೂ ಗೇಣಿನ ಒಳಗೆ! ಅತಿ ಎತ್ತರದ್ದು ಹತ್ತೊಂಬತ್ತು ಸೆಂಟಿಮೀಟರ್. ಒಂದೊಂದು ಗಿಡದಲ್ಲೂ ಐದಾರು ಕವಲು, ಕವಲಿಗೊಂದು ತೆನೆ. ದುಂಡಗೆ, ಬುಟ್ಟಿ ಮಗುಚಿದ ಹಾಗೆ ಕೂತಿವೆ. ಏಳು ವರ್ಷದಲ್ಲಿ ಮೊದಲ ಸಲ ಗಿಡದ ಮುಂದೆ ನಿಂತು ಒಬ್ಬಳೇ ನಕ್ಕೆ.

ಕಾಂತರಾಜನನ್ನು ಕರೆದು ತೋರಿಸಿದೆ. "ಚೆನ್ನಾಗವೆ ಅಕ್ಕ. ನಿನ್ನ ಕಣ್ಣು ಒಂದು ಕಿತ ತೋರಿಸ್ಕೋ" ಎಂದ. ಗಿಡ ತೋರಿಸಿದರೆ ಕಣ್ಣಿನ ಮಾತು. ಇವನಿಗೆ ಸಂತೋಷ ಪಡುವುದೂ ಬರುವುದಿಲ್ಲ.

ನವೆಂಬರ್ 18, ಸೋಮವಾರ

ಸುಮಿತಾ ಫೋನು ಮಾಡಿದಳು. ಮೊದಲಿಗೆ ಆರೋಗ್ಯ ವಿಚಾರಿಸಿದಳು, ಆಗಲೇ ಏನೋ ಸರಿಯಿಲ್ಲ ಅನ್ನಿಸಿತು.

"ಮೇಡಂ, ನಮ್ಮಲ್ಲಿ ನಿಮ್ಮ ಗಿಡಗಳು ಎತ್ತರ ಹೋಗಿಬಿಟ್ಟಿವೆ. ನಲವತ್ತೈದು, ನಲವತ್ತೆಂಟು ಸೆಂಟಿಮೀಟರ್. ಕವಲೇ ಇಲ್ಲ. ನಿಮ್ಮಲ್ಲಿ ಎಷ್ಟಿವೆ?"

"ಹತ್ತೊಂಬತ್ತು" ಎಂದೆ.

ಹತ್ತೊಂಬತ್ತಾ ಎಂದು ಇನ್ನೊಮ್ಮೆ ಕೇಳಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಔಷಧಿ ಏನಾದರೂ..."

ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತು ಪೈಸೆಯ ಸುಳ್ಳು ಹೇಳದೆ ಇಪ್ಪತ್ತೆಂಟು ವರ್ಷ ಸಂಬಳ ತಿಂದವಳು ನಾನು. ನಿಮ್ಮ ನೀರು ಸರಿಯಿಲ್ಲ, ನಿಮ್ಮ ಗೊಬ್ಬರ ಹೆಚ್ಚಾಗಿದೆ, ನಿಮ್ಮ ಹುಡುಗರು ಕುಂಡ ಬದಲಾಯಿಸಿದ್ದಾರೆ ಎಂದು ಬಾಯಿಗೆ ಬಂದದ್ದೆಲ್ಲ ಅಂದು ಫೋನಿಟ್ಟೆ. ರೈಲಿನಲ್ಲಿ ಮಾರಿಕುಪ್ಪಂ ಬರುವವರೆಗೂ ಅವಳಿಗೆ ಇನ್ನೂ ಏನೇನು ಅನ್ನಬೇಕಿತ್ತು ಎಂದು ಜೋಡಿಸುತ್ತಿದ್ದೆ. ಒಂದೇ ಗಿಡದ ಕಡ್ಡಿಗಳು ಅವು, ಇಲ್ಲಿ ಒಂದು ಗುಣ ಅಲ್ಲಿ ಒಂದು ಗುಣ ಇರಲು ಸಾಧ್ಯವಿಲ್ಲ. ಇದನ್ನು ಎಂಟನೇ ಕ್ಲಾಸಿಗೇ ಪಾಠ ಮಾಡಿದ್ದೇನೆ.

ನವೆಂಬರ್ 19

ಬೆಳಿಗ್ಗೆ ಒಂದು ಕುಂಡವನ್ನು ನೆಟ್ಟಿನಿಂದ ಹೊರಗೆ ಬಿಸಿಲಿಗೆ ತಂದು, ಎಲೆ ಸರಿಸಿ, ಭೂತಗನ್ನಡಿ ಹಿಡಿದು ಬುಡದಿಂದ ನೋಡುತ್ತ ಬಂದೆ. ಮೊದಲ ಕವಲೊಡೆದ ಜಾಗದಲ್ಲಿ ಒಂದು ಒಣಗಿದ ಗೆರೆ. ಸಣ್ಣದು, ಬಾಗಿದ್ದು. ಮೇಲಿನ ಕವಲಿನಲ್ಲೂ ಅದೇ. ಅದರ ಮೇಲಿನದರಲ್ಲೂ. ಉಗುರಿನ ಗುರುತು.

ಮುತ್ಯಾಲಮ್ಮನನ್ನು ಕರೆದೆ. "ಇದೇನು?"

"ಕುಡಿ ಚಿವುಟಿರೋದು" ಎಂದಳು, ಇದೂ ಒಂದು ಪ್ರಶ್ನೆಯಾ ಎಂಬಂತೆ.

"ಯಾರು ಚಿವುಟಿದ್ದು?"

"ಇನ್ಯಾರು? ನಾನೇಯ."

"ಯಾವಾಗಿನಿಂದ?"

"ಬಂದಾಗಿಂದ್ಲೂ. ನಾಲ್ಕೆಲೆ ಬತ್ತಿದ್ದಂಗೆ ಚಿವುಟ್ಬುಡಬೇಕು ಟೀಚರಮ್ಮ. ಇಲ್ದಿದ್ರೆ ಒಂಟಿ ಕಡ್ಡಿ ಉದ್ದಕ್ಕೆ ಓಗ್ಬುಡ್ತದೆ. ಕ್ಯಾಸಂಬಳ್ಳಿ ತ್ವಾಟದಾಗೆ ಇಪ್ಪತ್ತು ವರ್ಷ ಇದೇ ಕೆಲ್ಸ ಮಾಡಿದೀನಿ. ಈ ಬೆಳ್ಳು ನೋಡಿ, ಉಗುರೇ ವಾಲ್ಕೊಂಡೈತೆ." ಹೆಬ್ಬೆರಳು ಮುಂದೆ ಹಿಡಿದಳು, ಹೆಮ್ಮೆಯಿಂದ.

"ಬೋರ್ಡು ಕಾಣಲಿಲ್ಲವಾ ನಿನಗೆ?" ಎಂದು ಕೂಗಿದೆ.

"ಕಾಣ್ದೇ ಏನಮ್ಮ? ಕೆಂಪಗೆ ಚೆಂದಾಗೈತೆ. ಅದ್ರಾಗೆ ಏನು ಬರ್ದಿದೀರೋ ನಂಗೇನು ಗೊತ್ತು?"

ಮೂರು ವರ್ಷ ಒಂದೇ ನೆಟ್ಟಿನ ಕೆಳಗೆ ಇದ್ದೇವೆ. ಅವಳಿಗೆ ಓದಲು ಬರುತ್ತದೆಯೇ ಎಂದು ಟೀಚರಾದ ನಾನು ಒಂದು ದಿನವೂ ಕೇಳಿಲ್ಲ. ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಹೊಳೆದದ್ದು ಒಂದೇ. ಮೂರು ತಲೆಮಾರು ಗಿಡಗಳಲ್ಲಿ ದುಂಡಗೆ ಕುಳ್ಳಗೆ ಇದ್ದವೆಂದು ನಾನು ಆರಿಸಿದ್ದೆಲ್ಲ ಗಿಡದ ಗುಣವಲ್ಲ, ಇವಳ ಹೆಬ್ಬೆರಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೇನೆ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಅವಳು ದನಿ ಇಳಿಸಿದಳು. "ಏಳೋಣ ಅಂತಿದ್ದೆ. ನಿಮ್ಗೆ ಕಣ್ಣು ಸರಿಗಾ ಕಾಣಲ್ಲ, ಕುಡಿ ಬಂದಿರೋದು ಗೊತ್ತಾಗ್ತಿಲ್ಲ ಅನ್ಕೊಂಡೆ. ಏಳಿದ್ರೆ ನೊಂದ್ಕೊಂತೀರ ಅಂತ ಸುಮ್ನೆ ನಾನೇ ಮಾಡ್ಬುಟ್ಟೆ. ಅವು ಚೆಂದಾಗಿ ಬಂದ್ರೆ ನೀವು ನಗ್ತಿದ್ರಿ."

ಅದಾದ ಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಕೊನೆಗೆ "ನಾಳೆಯಿಂದ ಈ ಕಡೆ ಬರಬೇಡ" ಎಂದೆ. ಕೈ ತೊಳೆದುಕೊಂಡು, ಬಕೆಟ್ಟನ್ನು ಮಗುಚಿಟ್ಟು, ಹೋದಳು.

ನವೆಂಬರ್ 20

ಮುತ್ಯಾಲಮ್ಮ ಬರಲಿಲ್ಲ. ನೀರು ನಾನೇ ಹಾಕಿದೆ.

ನವೆಂಬರ್ 23

ನೀರು ಹಾಕಿದೆ. ಬಂದೆ. ಮಲಗಿದೆ.

ನವೆಂಬರ್ 27, ಬುಧವಾರ

ಎಂಟು ದಿನದಿಂದ ಯಾರೂ ಮುಟ್ಟದ ಗಿಡಗಳು ತಲೆಯೆತ್ತುತ್ತಿವೆ. ಪ್ರತಿ ಕವಲಿನಿಂದಲೂ ಕಡ್ಡಿ ಮೇಲಕ್ಕೆ ಬರುತ್ತಿದೆ. ನೋಡಲಾಗದೆ ಬೆನ್ನು ಮಾಡಿ ಕೂತೆ.

ಸುಮಿತಾಳಿಗೆ ನಾನೇ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. ಅವಳು ಬೇರೆಯೇ ಮಾತು ತೆಗೆದಳು.

"ಮೇಡಂ, ಅದನ್ನೆಲ್ಲ ಬಿಡಿ. ನಿಮ್ಮ ಹೂವಿನ ಬಣ್ಣ ನಮ್ಮೋರಿಗೆಲ್ಲ ಹಿಡಿಸಿಬಿಟ್ಟಿದೆ. ನಾವೇ ಔಷಧಿ ಹೊಡೆದು ಕುಳ್ಳಗೆ ಇಡ್ತೀವಿ. ಅಂಗಡಿಯಿಂದ ಮನೆಗೆ ಹೋಗೋವರೆಗೂ ಹಾಗೇ ಇರುತ್ತೆ. ತಾನಾಗಿ ಕುಳ್ಳಗೆ ಬೆಳೆಯೋ ತಳಿ ಅಂತ ನೀವು ಒಂದು ಸಹಿ ಹಾಕಿಕೊಟ್ಟರೆ ಸಾಕು. ಚೀಟಿಯ ಮೇಲೆ ನಿಮ್ಮ ಹೆಸರು ಹಾಕೋದು ನನ್ನ ಜವಾಬ್ದಾರಿ."

"ಮನೆಗೆ ಹೋದ ಮೇಲೆ?"

"ಎರಡು ಮೂರು ತಿಂಗಳಿಗೆ ಔಷಧಿ ಇಳಿಯುತ್ತೆ. ಅಷ್ಟರಲ್ಲಿ ಜನ ಇನ್ನೊಂದು ಕುಂಡ ತಗೋತಾರೆ ಮೇಡಂ."

ಸೋಮವಾರ ಹೇಳುತ್ತೇನೆ ಎಂದೆ. ನಿಜ ಬರೆಯಬೇಕೆಂದರೆ, ಆಗಲೇ ಹೂಂ ಅಂದುಬಿಡೋಣ ಅನ್ನಿಸಿತ್ತು. ಮತ್ತೆ ಸೂಜಿ ಹಿಡಿಯಬೇಕಾಗಿಲ್ಲ, ಬೆಳಗಿನ ರೈಲು ಹಿಡಿಯಬೇಕಾಗಿಲ್ಲ. ಒಂದು ಚೀಟಿಯ ಮೇಲೆ ನನ್ನ ಹೆಸರು. ಐವತ್ತೇಳು ವರ್ಷಕ್ಕೆ ಇದೇನು ದುರಾಸೆಯಲ್ಲ. ಲೋಕದಲ್ಲಿ ಎಲ್ಲರೂ ಮಾಡುತ್ತಿರುವುದೇ.

ಡಿಸೆಂಬರ್ 1, ಭಾನುವಾರ

ಬೂದಿಕೋಟೆಯಲ್ಲಿ ಬಸ್ಸಿಳಿದು, ಕೇಳಿಕೊಂಡು, ಒಂದೂವರೆ ಮೈಲಿ ನಡೆದು ಮುತ್ಯಾಲಮ್ಮನ ಊರಿಗೆ ಹೋದೆ. ಯಾಕೆ ಹೋದೆ ಎಂದು ದಾರಿಯುದ್ದಕ್ಕೂ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳ ಕೂಲಿ ನಿಂತುಹೋಗುವುದು ತಪ್ಪು, ಕಾಂತರಾಜನ ಟ್ರೇ ಕೆಲಸಕ್ಕಾದರೂ ಬಾ ಎನ್ನೋಣ ಎಂದು ಮಾತು ಜೋಡಿಸಿಕೊಂಡಿದ್ದೆ.

ಬಾಗಿಲ ಮುಂದೆ ಕೂತು ಅವರೆಕಾಳು ಹಿತುಕುತ್ತಿದ್ದಳು. ನೆನೆಸಿದ ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆಯೊಳಗಿಂದ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ನನ್ನನ್ನು ನೋಡಿ ಎದ್ದಳು, ಮುಖದಲ್ಲಿ ಕೋಪವಿಲ್ಲ, ಗಾಬರಿ. "ಅಯ್ಯೋ, ಏನಾಯ್ತು ಟೀಚರಮ್ಮ? ಗಿಡ ಓಯ್ತಾ?"

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಎಷ್ಟೋ ಮಕ್ಕಳ ಕೈಲಿ ಆ ಮಾತು ಹೇಳಿಸಿದವಳಿಗೆ ಸ್ವಂತಕ್ಕೆ ಹೇಳುವುದು ಬರದು. ನಾಚಿಕೆಯಾಯಿತು. ಸುಮ್ಮನೆ ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕತೊಡಗಿದೆ. ಅವಳೂ ಕೂತಳು.

ಅಲ್ಲಿ ಅವಳಿಗೆ ಮೊದಲ ಸಲ ಹೇಳಿದೆ. ಏಳು ವರ್ಷ ಏನು ಹುಡುಕುತ್ತಿದ್ದೇನೆ, ಯಾಕೆ ಒಂದರ ಪರಾಗ ಇನ್ನೊಂದಕ್ಕೆ ಹಚ್ಚುತ್ತೇನೆ, ಯಾಕೆ ಅಳೆಯುತ್ತೇನೆ. ಕಾಳು ಒತ್ತುತ್ತ ಕೇಳಿದಳು.

"ಅಂದ್ರೆ, ಚಿವುಟ್ದೇನೇ ಕುಳ್ಳಗಿರೋ ಗಿಡ ಬೇಕು ಅಂತ."

"ಹೌದು."

"ಅಷ್ಟೇನಾ? ಮೂರು ವರ್ಷದಾಗೆ ಈ ಒಂದು ಮಾತು ಏಳಕ್ಕಾಗ್ಲಿಲ್ವಾ ನಿಮ್ಗೆ?"

ಕಂಪನಿಯವರ ಮಾತನ್ನೂ ಹೇಳಿದೆ. ನಾಳೆ ಒಪ್ಪಿಕೊಳ್ಳಬೇಕೆಂದಿದ್ದೇನೆ ಎಂದೂ ಹೇಳಿದೆ. ಅವಳು ಕೈ ನಿಲ್ಲಿಸಿದಳು.

"ಅಂಗಾದ್ರೆ ಕೊಂಡ್ಕೊಂಡೋರ ಮನೇಲಿ ಯಾರು ಚಿವುಟ್ತಾರಮ್ಮ? ನಾನೊಬ್ಳೇ ಎಲ್ಲೆಲ್ಲಿಗಂತ ಓಗ್ಲಿ?"

ತಮಾಷೆಗೆ ಅಂದದ್ದಲ್ಲ. ನಿಜವಾಗಿಯೂ ಲೆಕ್ಕ ಹಾಕುತ್ತಿದ್ದ ಹಾಗಿತ್ತು ಮುಖ. ನನಗೆ ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು. ನಮ್ಮ ಬೀದಿಯ ಕಿಟಕಿಗಳೆಲ್ಲ ಕಣ್ಣ ಮುಂದೆ ಬಂದವು. ಒಂದೊಂದರಲ್ಲೂ ಒಂದು ಒಂಟಿ ಕಡ್ಡಿ ಕಂಬಿ ದಾಟಿ ಮೇಲಕ್ಕೆ ಹೋಗಿದೆ, ಒಂದೊಂದು ಕುಂಡದ ಮೇಲೂ ನನ್ನ ಹೆಸರು.

ಊಟ ಮಾಡದೆ ಬಿಡಲಿಲ್ಲ. ಮುದ್ದೆ, ಹಿತುಕಿದ ಬೇಳೆ ಸಾರು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಡಿಸೆಂಬರ್ 2

ಸುಮಿತಾಳಿಗೆ ಆಗುವುದಿಲ್ಲ ಎಂದೆ. ಯೋಚನೆ ಮಾಡಿ ಮೇಡಂ ಎಂದಳು. ಮಾಡಿದ್ದೇನೆ ಎಂದೆ.

ಕಾಂತರಾಜ ಕೇಳಿ ತಲೆ ಚಚ್ಚಿಕೊಂಡ. "ದೇವ್ರು ಕೊಟ್ರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿ ಕೊಟ್ರೂ ನೀನು ಬ್ಯಾಡ ಅಂತೀಯಲ್ಲೇ ಅಕ್ಕ." ಬೆಳಿಗ್ಗೆ ಎಂಟಕ್ಕೆ ಮುತ್ಯಾಲಮ್ಮ ಬಂದಿದ್ದಳು. ಬಕೆಟ್ಟು ನೆಟ್ಟಗೆ ಮಾಡಿ ನೀರು ಹಿಡಿದಳು.

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಹಿಂದಿನ ಕಟ್ಟೆಯ ಮೇಲಿದ್ದ ಎಂಬತ್ತು ಗಿಡ ಅಳೆದೆವು. ಮೂವತ್ತೊಂದನೇ ನಂಬರನ್ನು ಆರಿಸಿದ ಗುಂಪು ಅದು. ಉಳಿದವನ್ನು ಬಿಸಾಕಬೇಕಿತ್ತು, ಮೊಣಕಾಲು ನೋವಿಗೆ ಮುಂದೂಡುತ್ತ ಬಂದಿದ್ದೆ. ಸೋಮಾರಿತನಕ್ಕೂ ಒಂದು ಫಲ ಉಂಟು.

"ಇವುಗಳಲ್ಲಿ ನೀನು ಚಿವುಟದೇ ಬಿಟ್ಟದ್ದು ಯಾವುದಾದರೂ ಇದೆಯಾ?" ಎಂದು ಮುತ್ಯಾಲಮ್ಮನನ್ನು ಕೇಳಿದೆ.

ಸಾಲಿನಲ್ಲಿ ನಡೆದಳು. "ಇದು ಚಿವುಟ್ದೆ. ಇದೂನೂ. ಇದು ಎರಡು ಕಿತ." ಹೀಗೇ ಹೋಗಿ ಹೋಗಿ ಕೊನೆಯ ಸಾಲಿನಲ್ಲಿ ನಿಂತಳು. "ಇದ್ಕೆ ಇಲ್ಲ. ಇದ್ಕೆ ಚಿವುಟಕ್ಕೆ ಕುಡಿ ಎಲ್ಲಿ ಬಂತು? ಅದ್ರ ಪಾಡಿಗೆ ಅದು ಕುಂತಿತ್ತು, ನಾನು ಸುಮ್ನಾದೆ."

ಐವತ್ತೆಂಟನೇ ನಂಬರು. ಪುಸ್ತಕ ತೆಗೆದು ನೋಡಿದರೆ ನಾನೇ ಬರೆದಿದ್ದೇನೆ: ಹೂ ಮಂಕು, ತೆನೆ ಗಿಡ್ಡ, ಬಿಸಾಕು. ಯಾರೂ ಮುಟ್ಟದ ಇಪ್ಪತ್ತೇಳು ದಿನಗಳಲ್ಲಿ ಉಳಿದ ಗಿಡಗಳೆಲ್ಲ ನಾಲ್ಕು ಬೆರಳು, ಆರು ಬೆರಳು ಬೆಳೆದಿವೆ. ಇದು ಹದಿನೇಳು ಸೆಂಟಿಮೀಟರಿನಲ್ಲೇ ಇದೆ.

ಹೂವೇನೋ ಮಂಕೇ. ತೊಳೆದು ತೊಳೆದು ಬಣ್ಣ ಹೋದ ಸೀರೆಯ ಹಾಗಿದೆ. ಇದರ ಕುಳ್ಳತನ, ಮೂವತ್ತೊಂದರ ಬಣ್ಣ ಎರಡೂ ಒಂದೇ ಗಿಡದಲ್ಲಿ ಬರಬೇಕು. ಎಲ್ಲ ಸರಿಯಾದರೂ ನಾಲ್ಕೈದು ವರ್ಷ. ಎಣಿಸಿಕೊಂಡಾಗಲೇ ಸುಸ್ತಾಯಿತು.

ಸಂಜೆ ಮೊಗ್ಗು ಸೀಳಲು ಕೂತೆ. ಮೊದಲನೆಯದು ಹಾಳಾಯಿತು. ಎರಡನೆಯದೂ. "ಕೊಡೀ ಇಲ್ಲಿ" ಎಂದು ಮುತ್ಯಾಲಮ್ಮ ಕೈ ಚಾಚಿದಳು. ಕೊಟ್ಟೆ. ಕೊಳವೆ ಎಲ್ಲಿ ಸೀಳಬೇಕು, ನಾಲ್ಕು ಕೇಸರ ಹೇಗಿರುತ್ತವೆ ಎಂದು ಹೇಳಿದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ನಾಲ್ಕನ್ನೂ ತೆಗೆದು ಅಂಗೈಯಲ್ಲಿ ತೋರಿಸಿದಳು. ಹನ್ನೆರಡು ಮೊಗ್ಗು, ಒಂದೂ ಕೆಡಲಿಲ್ಲ.

ಮಾರ್ಚ್ 30, 2025, ಯುಗಾದಿ

ಕಾಂತರಾಜ ಮಾತಿಗೆ ತಪ್ಪಲಿಲ್ಲ, ನಮ್ಮ ಮೂಲೆಗೆ ಟೊಮೇಟೊ ಟ್ರೇ ಬಂದವು. ಆದರೆ ನೀರಿನ ತೊಟ್ಟಿಯ ಪಕ್ಕದ ಒಂದು ಕಟ್ಟೆ ಬಿಟ್ಟುಕೊಟ್ಟ. ಒಂದೇ ಕಟ್ಟೆ ಎಂದು ಮೂರು ಸಲ ಹೇಳಿದ. ಒಬ್ಬಟ್ಟನ್ನೂ ಮೂರು ಸಲ ಬಡಿಸಿದ.

ಡಿಸೆಂಬರಿನಲ್ಲಿ ಐವತ್ತೆಂಟಕ್ಕೆ ಮೂವತ್ತೊಂದರ ಪರಾಗ ಹಚ್ಚಿದ್ದೆವಲ್ಲ, ಆ ಕಾಯಿ ಬಲಿತಿವೆ. ಕನಕಾಂಬರದ ಒಣ ಕಾಯಿಗೆ ನೀರು ತಾಗಿದರೆ ಪಟ್ಟೆಂದು ಸಿಡಿದು ಬೀಜ ಎಲ್ಲೆಲ್ಲಿಗೋ ಹಾರುತ್ತದೆ. ಅದಕ್ಕೆ ಮೊರದಲ್ಲಿ ಹರಡಿ, ನೀರು ಚಿಮುಕಿಸಿ, ಮೇಲೆ ತೆಳು ಬಟ್ಟೆ ಹೊದಿಸಿ ಕಾಯುತ್ತ ಕೂತೆವು. ಬಟ್ಟೆಯ ಕೆಳಗೆ ಒಂದೊಂದಾಗಿ ಸಿಡಿಯುತ್ತಿದ್ದವು. ಒಟ್ಟು ಮೂವತ್ತನಾಲ್ಕು ಬೀಜ. ಹಬ್ಬದ ದಿನವೇ ಬಿತ್ತಿದೆವು.

"ಇದು ಆದ್ರೆ ಇನ್ನೆಷ್ಟು ವರ್ಷ?" ಎಂದು ಮುತ್ಯಾಲಮ್ಮ ಕೇಳಿದಳು.

"ನಾಲ್ಕು."

"ಅಷ್ಟೊತ್ಗೆ ನಂಗೆ ಅರವತ್ತೈದು, ಇಲ್ಲ ಅರವತ್ತೆಂಟು. ಸರಿಗಾ ಗೊತ್ತಿಲ್ಲ. ಪರ್ವಾಗಿಲ್ಲ, ಇರ್ತೀನಿ ಬುಡಿ" ಎಂದಳು.

ಜೂನ್ 6

ಹತ್ತೊಂಬತ್ತು ಹುಟ್ಟಿವೆ. ಮೇ ತಿಂಗಳಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡೆ, ಅದಕ್ಕೇ ನಡುವೆ ಬರೆದಿಲ್ಲ. ಕಾಂತರಾಜ ಶೇಡ್ ನೆಟ್ಟಿನ ಪದರ ತೆಗೆಸಿದ್ದಾನೋ ಏನೋ, ಒಳಗೆ ಬೆಳಕು ಚೆನ್ನಾಗಿದೆ. ಕೇಳಿದರೆ ನಗುತ್ತಾನೆ.

ಮುತ್ಯಾಲಮ್ಮ ಈಗ ಸಾಲಿನ ನಡುವೆ ಓಡಾಡುವಾಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿರುತ್ತಾಳೆ, ಶಾಲೆಗೆ ಬಂದ ಇನ್‌ಸ್ಪೆಕ್ಟರ್ ಹಾಗೆ. "ಬೆಳ್ಳು ನವೆ ಆಯ್ತದೆ ಟೀಚರಮ್ಮ" ಎನ್ನುತ್ತಾಳೆ. ನೀರು ಹಾಕಿಯಾದ ಮೇಲೆ ಬದುವಿನ ಚೆಂಡುಹೂವಿನ ಗಿಡಗಳಿಗೆ ಹೋಗಿ ಅವುಗಳ ಕುಡಿ ಚಿವುಟಿ ಸಮಾಧಾನ ಮಾಡಿಕೊಂಡು ಬರುತ್ತಾಳೆ.

ಜುಲೈ 14, 2025, ಸೋಮವಾರ

ರಾತ್ರಿಯೆಲ್ಲ ಹನಿಮಳೆ. ರೈಲು ತಡ. ಸೊಂಟ ಹಿಡಿದಿದೆ.

ಹತ್ತೊಂಬತ್ತರಲ್ಲಿ ಒಂಬತ್ತು ಕುಳ್ಳಗೆ ನಿಂತಿವೆ. ಆದರೆ ಒಂಬತ್ತರದೂ ಹೂ ಮಂಕು, ಒಂದೆರಡು ಪರವಾಗಿಲ್ಲ ಅನ್ನುವಷ್ಟು. ನಮ್ಮ ಆಸೆಯೆಲ್ಲ ಇದ್ದದ್ದು ಹನ್ನೊಂದನೇ ನಂಬರಿನ ಮೇಲೆ. ಮೂವತ್ತೊಂದರ ಬಣ್ಣ ಹಾಗೇ ಇಳಿದು ಬಂದದ್ದು ಅದೊಂದಕ್ಕೇ. ಹೋದ ವಾರದವರೆಗೂ ಇಪ್ಪತ್ತು ಸೆಂಟಿಮೀಟರಿನಲ್ಲಿ ಕೂತಿತ್ತು. ಇದೇ ಅದು ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇವತ್ತು ನೋಡಿದರೆ ನಡುವಿನಿಂದ ಒಂದು ಕುಡಿ ಎದ್ದಿದೆ. ಎಳೆಯದು, ತಿಳಿ ಹಸಿರು. ಸುತ್ತಲಿನ ದುಂಡಗಿನ ಎಲೆಗಳ ಮೇಲೆ ಅದೊಂದೇ ನೆಟ್ಟಗೆ ನಿಂತಿದೆ. ಎಂಟು ದಿನ ಮಳೆಯೆಂದು ನಾವು ಬಂದಿರಲಿಲ್ಲ, ಆ ಎಂಟು ದಿನದಲ್ಲಿ.

ನನಗೆ ಅಳು ಬಂತು. ಎಷ್ಟು ಸಣ್ಣ ಕುಡಿ ಅದು. ಒಂದು ಸಲ ತೆಗೆದುಬಿಟ್ಟರೆ ಗಿಡ ಮತ್ತೆ ದುಂಡಗಾಗುತ್ತದೆ, ಇನ್ನೊಂದು ತಿಂಗಳು ನೋಡಬಹುದು, ಮಳೆಗೆ ಒಮ್ಮೊಮ್ಮೆ ಹೀಗಾಗುತ್ತದೆ, ಸ್ವಭಾವ ಇರಲಿಕ್ಕಿಲ್ಲ. ಇದೆಲ್ಲ ಯೋಚಿಸಿದೆನೋ, ಆಮೇಲೆ ರೈಲಿನಲ್ಲಿ ಜೋಡಿಸಿಕೊಂಡೆನೋ. ನನ್ನ ಹೆಬ್ಬೆರಳು ತೋರುಬೆರಳು ಆ ಕುಡಿಯನ್ನು ಹಿಡಿದಿದ್ದವು, ಅಷ್ಟು ಮಾತ್ರ ಗೊತ್ತು.

ಮುತ್ಯಾಲಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಹಿಡಿದಳು, ನೋಯುವಷ್ಟು.

"ಬ್ಯಾಡ ಕಣಮ್ಮ" ಎಂದಳು. "ಅದು ಏನೈತೋ ಅದೇ ಇರ್ಲಿ."

ಬಿಟ್ಟೆ. ಮೂಗು ಒರೆಸಿಕೊಂಡು ಪುಸ್ತಕ ತೆಗೆದೆ. ಅವಳು ಬಗ್ಗಿ ಸ್ಕೇಲು ಹಿಡಿದಳು. ಅಕ್ಷರ ಬಾರದಿದ್ದರೂ ಅಂಕಿ ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ.

ಹನ್ನೊಂದು: ಇಪ್ಪತ್ತನಾಲ್ಕೂವರೆ. ಬರೆದುಕೊಂಡೆವು.